ಸರೋವರದ ತಳದಲ್ಲಿ ಸೈಕಲ್ ಹೊಡೆಯುವ ಮಿಲೋಯ್ಕಾ

ಬೆಳಗಿನ ಐದೂವರೆ. ಸರೋವರದ ನಟ್ಟನಡುವೆ ಮಿಲೋಯ್ಕಾ ತುರ್ಶಿಚ್ ಸೈಕಲ್ಲಿನಿಂದ ಇಳಿಯುತ್ತಾರೆ. ಏಪ್ರಿಲ್‌ನಲ್ಲಿ ಇಲ್ಲಿ ಎರಡಾಳು ನೀರಿತ್ತು. ಈಗ ಜುಲೈ ಕೊನೆ. ಸೊಂಟದೆತ್ತರದ ಹುಲ್ಲು, ಹುಲ್ಲಿನ ತುಂಬ ಇಬ್ಬನಿ, ಮಿಡತೆಗಳ ಗದ್ದಲ. ಮರದ ದೋಣಿಯೊಂದು ಗೂಟಕ್ಕೆ ಕಟ್ಟಿಸಿಕೊಂಡು ಒಣನೆಲದ ಮೇಲೆ ಮಲಗಿದೆ. ಹುಲ್ಲಿನಲ್ಲಿರುವ ದೋಣಿಗೆ ಹಗ್ಗ ಯಾಕೆ ಎಂದು ದೋಲ್ಯೆ ಊರಿನಲ್ಲಿ ಯಾರೂ ಕೇಳುವುದಿಲ್ಲ. ಶರತ್ಕಾಲದಲ್ಲಿ ನಾಲ್ಕು ದಿನ ಮಳೆ ಹಿಡಿದರೆ ನೆಲದ ಬಿಲಗಳಿಂದ ನೀರು ಉಕ್ಕಿ ಬರುತ್ತದೆ, ಕಟ್ಟದ ದೋಣಿ ಆಚೆ ಊರಿನವರ ಪಾಲಾಗುತ್ತದೆ.

"ನಿಂತ್ಕೊಳ್ಳೇ, ಎಲ್ಲಿಗೆ ಓಡ್ತೀಯ!" ಎಂದು ಅವರು ಗದರುವುದು ಅಂಗೈಯಲ್ಲಿರುವ ಯಂತ್ರವನ್ನು. ಹಿಡಿದವರು ಭೂಮಿಯ ಮೇಲೆ ಎಲ್ಲಿದ್ದಾರೆಂದು ಅದು ತೋರಿಸುತ್ತದೆ. ಅದರ ಬಾಣ ಒಮ್ಮೆ ಆಚೆ, ಒಮ್ಮೆ ಈಚೆ ಹೊಯ್ದಾಡಿ ಕಡೆಗೂ ತೆಪ್ಪಗಾಗುತ್ತದೆ. ಮಿಲೋಯ್ಕಾ ಜಾಗದ ಗುರುತಿಗೆಂದು ನಾಲ್ಕು ಕೋಲುಗಳ ಚೌಕಟ್ಟನ್ನು ಹುಲ್ಲಿನ ಮೇಲೆ ಇಟ್ಟು, ನಾಲ್ಕೂ ದಿಕ್ಕಿಗೆ ತಿರುಗಿ ಫೋಟೋ ತೆಗೆದು, ಕೊನೆಗೆ ಕಾಲಬುಡದ್ದೊಂದು ತೆಗೆಯುತ್ತಾರೆ. ಆಮೇಲೆ ಫ್ಲಾಸ್ಕಿನ ಕಾಫಿ, ಚೀಲದಲ್ಲಿರುವ ಪೊಟಿಟ್ಸಾ ಎಂಬ ವಾಲ್ನಟ್ ಹೂರಣದ ಸುರುಳಿ ಬ್ರೆಡ್ಡಿನ ಒಂದು ತುಂಡು. ನಂತರ ಮುಂದಿನ ಜಾಗ.

ಉಪಗ್ರಹ ಕೆಲವು ದಿನಗಳಿಗೊಮ್ಮೆ ಈ ಕಣಿವೆಯ ಮೇಲೆ ಹಾದುಹೋಗುತ್ತದೆ. ಅದು ಕಳಿಸಿದ ಚಿತ್ರಕ್ಕೆ ರಾಜಧಾನಿ ಲ್ಯುಬ್ಲಿಯಾನಾದ ಕಚೇರಿಯೊಂದರ ಕಂಪ್ಯೂಟರ್ ಬಣ್ಣ ಹಚ್ಚುತ್ತದೆ. ನೀರಿಗೆ ನೀಲಿ, ಹುಲ್ಲುಗಾವಲಿಗೆ ತಿಳಿಹಸಿರು, ಪೊದೆಗೆ ಕಂದು, ಕಾಡಿಗೆ ಕಡುಹಸಿರು. ಎಲ್ಲಿ ಅದಕ್ಕೆ ಅನುಮಾನವೋ ಅಲ್ಲಿಗೆ ಮಿಲೋಯ್ಕಾ ಹೋಗಬೇಕು. ದಿನಕ್ಕೆ ಇಪ್ಪತ್ತು ಜಾಗ, ಕೆಸರಿದ್ದರೆ ಹತ್ತು. "ಮೇಲಿರೋದು ಬರೀ ಕಣ್ಣು. ಅದಕ್ಕೆ ಕಾಲಿಲ್ಲ ನೋಡಿ, ಅದರ ಕಾಲು ನಾನು" ಎಂದು ಅವರು ಕೆಸರು ಮೆತ್ತಿದ ಬೂಟನ್ನು ಎತ್ತಿ ತೋರಿಸುತ್ತಾರೆ.

ಐವತ್ತೆಂಟರ ಮಿಲೋಯ್ಕಾ ಹುಟ್ಟಿದ್ದು, ಮದುವೆಯಾದದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲವೂ ಇದೇ ದಡದಲ್ಲಿ. ಪೀಠೋಪಕರಣದ ಕಾರ್ಖಾನೆಯಲ್ಲಿ ಕುರ್ಚಿಯ ಕಾಲುಗಳನ್ನು ಉಜ್ಜಿ ನುಣುಪು ಮಾಡುವುದು ಅವರ ಕೆಲಸವಾಗಿತ್ತು. ಕಾರ್ಖಾನೆ ಬಾಗಿಲು ಹಾಕಿದಾಗ ಕೈ ಖಾಲಿ. ದೋಣಿಗೆ ಹುಟ್ಟು ಹಾಕಲು ಬರುವವರು ಬೇಕೆಂದು ಕಚೇರಿಯವರು ಊರಲ್ಲಿ ವಿಚಾರಿಸಿದರು, ಇವರು ಕೈಯೆತ್ತಿದರು. "ಕುರ್ಚಿ ಕಾಲು ಉಜ್ಜಿ ಉಜ್ಜಿ ಮೂಗಿನ ತುಂಬ ಮರದ ಪುಡಿ. ಇಲ್ಲಿ ಗಾಳಿನಾದ್ರೂ ಪುಕ್ಕಟೆ ಸಿಗುತ್ತಲ್ಲ!"

ಕೆಲಸವೇನೂ ಹೂವಿನ ಹಾಸಿಗೆಯಲ್ಲ. ಕಾಲಿಗೆ ಉಣ್ಣೆಹುಳ ಕಚ್ಚುತ್ತದೆ, ಬಯಲಲ್ಲಿ ಸಿಡಿಲು ಬೆನ್ನಟ್ಟುತ್ತದೆ. ಮೊದಲ ವರ್ಷ ಊರಿನ ಹಿರಿಯ ರೈತ ಲುದ್ವಿಕ್ ಮಾಮ ಹುಲ್ಲು ಹರಡುವ ಕೊಕ್ಕೆಗೋಲು ಹಿಡಿದೇ ಓಡಿಸಿಕೊಂಡು ಬಂದಿದ್ದರು: "ಲೇ, ನನ್ನ ಹೊಲದ ಫೋಟೋ ಯಾರಿಗೆ ಮಾರ್ತಿದೀಯೇ? ತೆರಿಗೆಯೋರು ಎಷ್ಟು ಕೊಟ್ರು?" ಕಾಡಿನಂಚಿನ ಜಾಗಗಳಲ್ಲಿ ಕರಡಿಗಳ ಓಡಾಟ. ಕರಡಿಗೆ ಮುಂಚೆಯೇ ಗೊತ್ತಾಗಲಿ ಎಂದು ಮಿಲೋಯ್ಕಾ ಗಟ್ಟಿಯಾಗಿ ಹಾಡುತ್ತಾ ಹೋಗುತ್ತಾರೆ. "ಇವಳ ಹಾಡು ಕೇಳಿ ಎರಡು ಕರಡಿ ಕ್ರೊಯೇಷಿಯಾಕ್ಕೆ ಗುಳೆ ಹೋದ್ವು" ಎನ್ನುತ್ತಾರೆ ಊರಿನ ಪಾನಗೃಹದ ಒಡತಿ ಜೋಫ್ಕಾ.

ಈ ಬೇಸಿಗೆಯಲ್ಲಿ ಮಾತ್ರ ಊರು ಅವರನ್ನು ಹಾಡಲು ಬಿಡಲಿಲ್ಲ.

ಸರೋವರದ ದಕ್ಷಿಣ ಭಾಗದಲ್ಲಿರುವ ದೊಲ್ಗಿ ಲೋಗ್ ಎಂಬ ಉದ್ದನೆಯ ಬಯಲೇ ದೋಲ್ಯೆಯ ಹಸುಗಳಿಗೆ ಚಳಿಗಾಲದ ಅನ್ನದಾತ. ಏಪ್ರಿಲ್‌ನಲ್ಲಿ ಅಲ್ಲಿನ ಜಾಗಗಳನ್ನು ನೋಡಿ ಬಾ ಎಂದು ಕಚೇರಿ ಹೇಳಿತು. ಮಿಲೋಯ್ಕಾ ದೋಣಿಯಲ್ಲಿ ಹೋದರು. ಇಲ್ಲೇನಿದೆ ಎಂದು ಯಂತ್ರ ಕೇಳಿತು, ನೀರು ಎಂದು ಒತ್ತಿದರು. ಫೆಬ್ರುವರಿಯಲ್ಲಿ ದಾರಿ ಕೇಳಿದವರಿಗೆ 'ಸರೋವರ ದಾಟಿ ಹೋಗಿ' ಎಂದೂ, ಆಗಸ್ಟ್‌ನಲ್ಲಿ 'ಹುಲ್ಲುಗಾವಲು ದಾಟಿ ಹೋಗಿ' ಎಂದೂ ಹೇಳುವ ಊರು ಇದು. ಇದ್ದಾಗ ಇದ್ದದ್ದೇ ನಿಜ. 'ಆದರೆ ಬೇಸಿಗೆಯಲ್ಲಿ...' ಎಂದೊಂದು ಮಾತು ಸೇರಿಸಬೇಕೆಂದು ಇಲ್ಲಿ ಹುಟ್ಟಿದವರಿಗೆ ಹೊಳೆಯುವುದೇ ಇಲ್ಲ.

ಹೋದ ವರ್ಷದ ಬೇಸಿಗೆ ಚಿತ್ರಗಳು ಮೋಡ ಕವಿದು ಮಬ್ಬಾಗಿದ್ದವು. ಕಂಪ್ಯೂಟರ್ ಇವರ ಮಾತನ್ನೇ ನಂಬಿ ಇಡೀ ದೊಲ್ಗಿ ಲೋಗ್‌ಗೆ ನೀಲಿ ಬಳಿಯಿತು. ನಕ್ಷೆಯಲ್ಲಿ ಅದು ಸದಾ ನೀರಿರುವ ಜಾಗವಾಯಿತು. ಅಂಥ ಕಡೆ ಕೊಯ್ಲಿನ ಯಂತ್ರ ಇಳಿಸುವಂತಿಲ್ಲ, ಹುಲ್ಲು ಕೊಯ್ಯುವಂತಿಲ್ಲ ಎಂಬುದು ಸರೋವರವೂ ಸೇರಿದ ರಕ್ಷಿತ ಪ್ರದೇಶದ ನಿಯಮ. ಜೂನ್‌ನಲ್ಲಿ ಜೋಫ್ಕಾರ ಪಾನಗೃಹದ ಬಾಗಿಲಿಗೇ ಆ ಪ್ರಕಟಣೆ ಅಂಟಿತು.

"ಏನೇ ಮಿಲೋಯ್ಕಾ, ನನ್ನ ಹಸುಗಳಿಗೆ ಈ ಸಲ ಮೀನು ಹಾಕ್ಲಾ?" ಎಂದರು ಲುದ್ವಿಕ್ ಮಾಮ. ಒಬ್ಬಳು ಬಾಲ್ಯದ ಗೆಳತಿ ಎರಡು ವಾರ ಮಾತೇ ಬಿಟ್ಟಳು. ಮಿಲೋಯ್ಕಾಗೆ ಊಟ ಸೇರಲಿಲ್ಲ. "ನಾನು ಸುಳ್ಳು ಬರ್ದಿರ್ಲಿಲ್ಲ. ಅದೇ ಸಂಕಟ. ಸುಳ್ಳಾಗಿದ್ರೆ ತಪ್ಪಾಯ್ತು ಅಂತ ಕೈ ಮುಗಿದು ತಿದ್ಬಹುದಿತ್ತು" ಎನ್ನುತ್ತಾರೆ ಅವರು.

ಅವರು ಕಚೇರಿಯ ಎಂಜಿನಿಯರ್ ತದೇಯ್‌ಗೆ ಫೋನ್ ಮಾಡಿದರು. "ತೆತಾ, ಒಂದು ಜಾಗ ಅಂದ್ರೆ ಒಂದೇ ಆಗಿರ್ಬೇಕು. ನೀರಾ, ಹುಲ್ಲಾ?" ಎಂದು ಅವನು ಅತ್ತೆಯನ್ನು ಕೇಳುವ ಸಲುಗೆಯಲ್ಲಿ ಕೇಳಿದ.

"ಎರಡೂ."

"ಎರಡಕ್ಕೆ ನನ್ನ ಹತ್ರ ಬಣ್ಣ ಇಲ್ವಲ್ಲ!"

"ಹಾಗಾದ್ರೆ ಬಂದು ನೋಡೋ, ಬಣ್ಣ ತಗೊಂಡೇ ಹೋಗುವಂತೆ."

ಹುಡುಗ ಬಂದ. ಬರಿಗೈಯಲ್ಲಿ ಬರಲಿಲ್ಲ, ಮೂವತ್ತೈದು ವರ್ಷಗಳ ಉಪಗ್ರಹ ಚಿತ್ರಗಳನ್ನು ಹೊತ್ತು ತಂದ. ಭಾನುವಾರದ ಪ್ರಾರ್ಥನೆ ಮುಗಿಸಿ ಬಂದವರೆಲ್ಲ ಪಾನಗೃಹದಲ್ಲಿ ಕೂತಿದ್ದಾಗ ಅವನ್ನು ಸುಣ್ಣದ ಗೋಡೆಯ ಮೇಲೆ ಒಂದರ ಹಿಂದೊಂದು ಓಡಿಸಿದ. ಸರೋವರ ಉಬ್ಬಿತು, ಕುಗ್ಗಿತು, ಮತ್ತೆ ಉಬ್ಬಿತು. "ಅಯ್ಯೋ, ಉಸಿರಾಡ್ತಿದೆ!" ಎಂದು ಜೋಫ್ಕಾ ಎದೆ ಮೇಲೆ ಕೈಯಿಟ್ಟುಕೊಂಡರು. ಬಿಯರ್ ಲೋಟಗಳು ಮೇಜಿನ ಮೇಲೆ ಹಾಗೇ ಉಳಿದವು.

ಊರಿಗೆ ಗೊತ್ತಿಲ್ಲದ ಎರಡು ಸಂಗತಿಗಳು ಆ ಗೋಡೆಯ ಮೇಲೆ ಕಂಡವು. ನೀರು ಮೊದಲಿಗಿಂತ ಹದಿನೈದು ದಿನ ಮುಂಚೆಯೇ ಇಳಿದುಹೋಗುತ್ತಿದೆ. ಪ್ರತಿವರ್ಷ ನೀರು ಬರುವುದನ್ನೂ ಹೋಗುವುದನ್ನೂ ಕಂಡವರೇ ಎಲ್ಲರೂ, ಆದರೆ ಇದು ಮಿಲೋಯ್ಕಾ ಸೇರಿದಂತೆ ಯಾರ ಗಮನಕ್ಕೂ ಬಂದಿರಲಿಲ್ಲ. ಇನ್ನೊಂದು, ದೊಲ್ಗಿ ಲೋಗ್‌ನ ಉತ್ತರದ ಮೂಲೆಯಲ್ಲಿ ಪೊದೆಯ ಕಂದು ಬಣ್ಣ ವರ್ಷ ವರ್ಷ ಹಬ್ಬುತ್ತಾ ಬಂದಿದೆ. ಹುಲ್ಲು ಕೊಯ್ಯುವ ಕಡೆ ಒಂದು ಚುಕ್ಕಿಯೂ ಇಲ್ಲ.

"ಆ ಮೂಲೆ ಯಾರದು?" ಎಂದು ತದೇಯ್ ಕೇಳಿದ. ಲುದ್ವಿಕ್ ಮಾಮ ಟೋಪಿ ತೆಗೆದರು. "ನಂದೇ ಕಣಪ್ಪ. ಸೊಂಟ ಹಿಡ್ಕೊಂಡ್ಮೇಲೆ ಕೊಯ್ಲು ಬಿಟ್ಟೆ. ನಾಲ್ಕು ಗಿಡ ಬೆಳೆದ್ರೆ ಯಾರಿಗೆ ಕಾಣುತ್ತೆ ಅಂದ್ಕೊಂಡಿದ್ದೆ. ಥೂ, ಆಕಾಶಕ್ಕೇ ಕಾಣ್ತಿದೆಯಲ್ಲ!" ಪಾನಗೃಹ ಬಿದ್ದು ಬಿದ್ದು ನಕ್ಕಿತು. ಮಾಮನೂ ನಕ್ಕರು.

ಕೊಯ್ಲು ನಿಂತರೆ ಬಯಲು ಪೊದೆಯಾಗುತ್ತದೆ, ಹುಲ್ಲಲ್ಲಿ ಗೂಡು ಕಟ್ಟುವ ಹಕ್ಕಿಗೂ ನೆಲೆ ತಪ್ಪುತ್ತದೆ. ಇದನ್ನು ಅಧಿಕಾರಿಗಳ ಮುಂದಿಡಲು ಮೇಲಿನ ಚಿತ್ರ ಮಾತ್ರ ಸಾಲದು, ನೆಲದ ಸಾಕ್ಷಿಯೂ ಬೇಕು ಎಂದ ತದೇಯ್. ಅದಕ್ಕೇ ಏಪ್ರಿಲ್‌ನಲ್ಲಿ ನೀರು ಎಂದು ಒತ್ತಿದ ಪ್ರತಿಯೊಂದು ಜಾಗಕ್ಕೂ ಮಿಲೋಯ್ಕಾ ಮತ್ತೆ ಹೋಗುತ್ತಿದ್ದಾರೆ. ಹಿಂದಿನ ದಿನಗಳ ಫೋಟೋಗಳು ಆಗಲೇ ರಾಜಧಾನಿ ಸೇರಿವೆ. ಇವತ್ತಿನದು ಕೊನೆಯ ಕಂತು, ಅದು ಸೇರಿದ ಕೂಡಲೇ ಅಧಿಕಾರಿಗಳು ತೀರ್ಮಾನ ಹೇಳಬೇಕು. ಈ ವಾರ ಅನುಮತಿ ಸಿಗದಿದ್ದರೆ ಹುಲ್ಲು ಬಲಿತು ಕಡ್ಡಿಯಾಗುತ್ತದೆ, ಹಸುಗಳು ಮೂಸಿಯೂ ನೋಡುವುದಿಲ್ಲ.

ಕೊನೆಯ ಫೋಟೋ ಕಳಿಸಿ ಅವರು ಪಾನಗೃಹಕ್ಕೆ ಬರುವ ಹೊತ್ತಿಗೆ ಅರ್ಧ ಊರು ಅಲ್ಲಿದೆ. ಯಾರೂ ಕಾದಂತೆ ತೋರಿಸಿಕೊಳ್ಳುತ್ತಿಲ್ಲ, ಯಾರೂ ಎದ್ದೂ ಹೋಗುತ್ತಿಲ್ಲ. ಮಧ್ಯಾಹ್ನ ಫೋನ್ ಬಡಿದುಕೊಳ್ಳುತ್ತದೆ. ಮಿಲೋಯ್ಕಾ ಕೈ ಚಾಚುವ ಮೊದಲೇ ಜೋಫ್ಕಾ ತಾವೇ ಎತ್ತಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಡುತ್ತಾರೆ.

"ತೆತಾ, ಒಪ್ಕೊಂಡ್ರು! ನಾಳೆಯಿಂದಲೇ ಕೊಯ್ಲು ಶುರು ಮಾಡ್ಬಹುದು. ಹಕ್ಕಿ ಮರಿಗಳ ಬಗ್ಗೆ ಮಾತ್ರ ಎಚ್ಚರ ಅಂದಿದ್ದಾರೆ."

"ನಡುವಿಂದ ಅಂಚಿಗೆ ಕೊಯ್ತೀವಪ್ಪ, ಮರಿಗಳು ಹೊರಗೆ ಓಡ್ಲಿ ಅಂತ. ನಮ್ಮಜ್ಜನೂ ಹಾಗೇ ಕೊಯ್ತಿದ್ದ" ಎಂದು ಲುದ್ವಿಕ್ ಮಾಮ ಫೋನಿಗೆ ಕೂಗುತ್ತಾರೆ.

"ಇನ್ನೊಂದು ಮಾತು. ನಕ್ಷೆಗೆ ಹೊಸ ಬಣ್ಣ ಸೇರಿಸ್ತಿದ್ದೀವಿ. ಅದಕ್ಕೊಂದು ಹೆಸರು ಬೇಕು, ನೀವೇ ಇಡಿ."

"ಹಸುಗಳ ಈಜುಕೊಳ!" ಎನ್ನುತ್ತಾರೆ ಜೋಫ್ಕಾ. "ಮಿಲೋಯ್ಕಾಳ ತಲೆನೋವು!" ಎಂದು ಮೂಲೆಯಿಂದ ಯಾರೋ ಕೂಗುತ್ತಾರೆ. ನಗು ಅಡಗುವ ತನಕ ಮಿಲೋಯ್ಕಾ ಕಣ್ಣೊರೆಸಿಕೊಳ್ಳುತ್ತಾರೆ, ಮತ್ತೆ ಒರೆಸಿಕೊಳ್ಳುತ್ತಾರೆ. "ಬಂದು ಹೋಗೋ ನೀರು ಅಂತ ಬರ್ಕೋ. ನಾವು ಅಷ್ಟೇ ಕರೆಯೋದು." ಮಾತು ಬಿಟ್ಟಿದ್ದ ಗೆಳತಿ ಎದ್ದು ಬಂದು ಅವರ ಪಕ್ಕದಲ್ಲಿ ಕೂರುತ್ತಾಳೆ. ತನ್ನ ತಟ್ಟೆಯ ಬಿಸಿ ಸ್ತ್ರುಕ್ಲಿ ಕಡುಬಿನಲ್ಲಿ ಅರ್ಧವನ್ನು ಅವರ ಮುಂದೆ ತಳ್ಳುತ್ತಾಳೆ.

ಮರುದಿನ ದೊಲ್ಗಿ ಲೋಗ್‌ನಲ್ಲಿ ಜಾತ್ರೆಯ ಸಂಭ್ರಮ. ಯಂತ್ರಗಳು ನಡುವಿನಿಂದ ಸುತ್ತುತ್ತಾ ಹೊರಕ್ಕೆ ಬರುತ್ತಿವೆ, ಮರಿಗಳು ಪಟಪಟನೆ ಅಂಚಿನ ಹುಲ್ಲಿಗೆ ನುಗ್ಗುತ್ತಿವೆ. ಉತ್ತರದ ಮೂಲೆಯಲ್ಲಿ ಲುದ್ವಿಕ್ ಮಾಮನ ಪೊದೆ ಕಡಿಯಲು ಐದಾರು ಜನ ಸೇರಿದ್ದಾರೆ. ಮಾಮ ಕುರ್ಚಿ ಹಾಕಿಸಿಕೊಂಡು ಕೂತು ಎಲ್ಲರ ಕುಡುಗೋಲು ಮಸೆದು ಕೊಡುತ್ತಾ, ಒಬ್ಬೊಬ್ಬರನ್ನೂ ಬೈಯುತ್ತಿದ್ದಾರೆ. ಸುದ್ದಿ ಕೇಳಿ ಬಂದವರು ಮಿಲೋಯ್ಕಾರನ್ನು ಫೋಟೋಕ್ಕೆ ನಿಲ್ಲಲು ಕರೆದರೆ ಅವರು ಕೊಕ್ಕೆಗೋಲು ಕೆಳಗಿಡಲು ತಯಾರಿಲ್ಲ.

ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಹುಲ್ಲು ಹರಡುತ್ತಲೇ ಯೋಚಿಸುತ್ತಾರೆ. ಮೈತುಂಬ ಬೆವರು, ಕೂದಲ ತುಂಬ ಹುಲ್ಲಿನೆಸಳು, ಮುಖದ ತುಂಬ ನಗು.

"ನಾಳಿದ್ದು ಉಪಗ್ರಹ ಹಾದುಹೋಗುತ್ತೆ. ಅಷ್ಟರಲ್ಲಿ ಈ ಕಡೆ ತುದಿ ಮುಗಿಸಿಬಿಡ್ಬೇಕು. ಕೊಯ್ದ ಜಾಗ ಮೇಲಿಂದ ಬೆಳ್ಳಗೆ ಕಾಣುತ್ತೆ ಅಂತಾನೆ ತದೇಯ್. ಕಾಣ್ಲಿ ಬಿಡಿ. ನಾವಿಲ್ಲೇ ಇದ್ದೀವಿ ಅಂತ ಒಂದ್ಸಲ ಗೊತ್ತಾಗ್ಲಿ."