ಲೇಹ್ಯದ ಕೊನೆಯ ರುಚಿ

ನಾನು ಮಡಿಕೇರಿಯ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಜೇನು, ಕಾಳುಮೆಣಸು, ಕಷಾಯದ ಪುಡಿ, ಯಾರು ಏನು ತಂದರೂ ಅದರಲ್ಲಿ ಏನಿದೆ, ತಿನ್ನಬಹುದೇ ಎಂದು ಹೇಳುವುದು ನಮ್ಮ ಕಸುಬು. ಇಷ್ಟು ವರ್ಷವಾದ ಮೇಲೆ ಸ್ವಲ್ಪ ಕೊಬ್ಬೂ ಬಂದಿತ್ತು. ಯಂತ್ರ ಹೇಳಿದ್ದೇ ವೇದವಾಕ್ಯ ಎನ್ನುವ ಕೊಬ್ಬು.

ಕಳೆದ ವರ್ಷ ಮಾದಾಪುರದಲ್ಲಿ ತಂಗಿಗೆ ಹೆರಿಗೆಯಾಯಿತು. ಬಾಣಂತಿ ಲೇಹ್ಯ ಮಾಡಿದ್ದು ನಮ್ಮ ದೊಡ್ಡಮ್ಮ. ಓಮ, ಒಣಶುಂಠಿ, ಮೆಂತ್ಯ, ಬೆಲ್ಲ, ತುಪ್ಪ, ಹೆಸರು ಬಾಯಿಬಿಡದ ಏಳೆಂಟು ಬೇರು. ಇಳಿಸುವ ಮೊದಲು ಒಂದಿಷ್ಟು ಕಾಚಂಪುಳಿ. ಹಂದಿ ಕರಿಗೆ ಹಾಕುವ ಆ ಕಪ್ಪು ಹುಳಿಯನ್ನು ಲೇಹ್ಯಕ್ಕೂ ಹಾಕುವುದು ಅವರ ಪದ್ಧತಿ. ತಂಗಿ ತಿಂದದ್ದೆಲ್ಲ ಹಾಲಿನಲ್ಲಿ ಮಗುವಿಗೂ ಹೋಗುತ್ತದಲ್ಲ, ಅದಕ್ಕೇ ಅವಳು ಬಾಯಿಗಿಡುವ ಮೊದಲು ಒಂದು ಡಬ್ಬಿ ತಂದು ನಾನೇ ಪರೀಕ್ಷೆ ಮಾಡಿದೆ. ಕಬ್ಬಿಣದ ಅಂಶ, ಪ್ರೋಟೀನು ನೋಡಿ ಖುಷಿಯಾಯಿತು. ಬೂಷ್ಟು, ಕ್ರಿಮಿ ಏನೂ ಇಲ್ಲ. "ಫಸ್ಟ್ ಕ್ಲಾಸ್, ಕೊಡು" ಎಂದು ಫೋನ್ ಮಾಡಿದೆ.

"ಕೊಡಕಿಲ್ಲ," ಎಂದರು ದೊಡ್ಡಮ್ಮ. "ಇದ್ರಲ್ಲಿ ಏನೋ ಐಬದೆ ಕಣೆ. ಕೊನೇಲಿ ಹುಳಿ ಬರ್ಬೇಕು. ಸೀ ಬತ್ತಾ ಅದೆ."

"ಬೆಲ್ಲ ಜಾಸ್ತಿಯಾಗಿರ್ಬೇಕು."

"ಬೆಲ್ಲದ ಸೀ ಯಾವ್ದು ಅಂತ ನಂಗೇ ಹೇಳ್ಕೊಡಕ್ಕೆ ಬಂದ್ಳು!"

ನಾನು ನಕ್ಕೆ. ವಯಸ್ಸಾದವರ ನಾಲಿಗೆ ಎಂದುಕೊಂಡು ಫೋನಿಟ್ಟೆ.

ಎಂಟು ದಿನ ಬಿಟ್ಟು ಬೆಳಗಿನ ಬಸ್ಸಿಗೇ ಬಂದು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಡಬ್ಬಿ. "ಇನ್ನೊಂದ್ಸಲ ನೋಡು. ಆವತ್ತು ಏನ್ ನೋಡಿಲ್ವೋ ಅದನ್ನ ನೋಡು."

ನೋಡದೆ ಬಿಟ್ಟದ್ದು ವಿಷಲೋಹ. ಮನೆಯಲ್ಲಿ ಮಾಡಿದ್ದರಲ್ಲಿ ಎಲ್ಲಿಯ ವಿಷ ಎಂಬ ಉಡಾಫೆ. ಈಗಲೂ ಅವರ ಬಾಯಿ ಮುಚ್ಚಿಸಲೆಂದೇ ಯಂತ್ರಕ್ಕೆ ಹಾಕಿದೆ. ಸೀಸ ತೋರಿಸಿತು. ನಂಬದೆ ಮತ್ತೆ ಹಾಕಿದೆ. ಮತ್ತೂ ಸೀಸ. ಸೀಸ ಹುಳಿಗೆ ಸಿಕ್ಕರೆ ಸಿಹಿಯಾಗುತ್ತದೆಂದು ನಾನು ಕಾಲೇಜಿನಲ್ಲಿ ಓದಿ, ಪರೀಕ್ಷೆ ಬರೆದು, ಮರೆತಿದ್ದೆ. ಅಕ್ಷರ ಬಾರದ ಹೆಂಗಸು ಅದನ್ನು ನಾಲಿಗೆಯಲ್ಲೇ ಹಿಡಿದಿದ್ದರು. ಅಬ್ಬಾ! ಆ ಕ್ಷಣ ಅವರ ಮುಂದೆ ನಾನು ತೀರಾ ಸಣ್ಣವಳಾಗಿಬಿಟ್ಟೆ.

"ಯಾವ ಪಾತ್ರೇಲಿ ಮಾಡ್ದೆ?"

"ಅದೇ ತಾಮ್ರದ್ರಲ್ಲಿ. ಕಲಾಯಿ ಹೋಗಿತ್ತು, ಬೀದೀಲಿ ಬಂದವನ ಹತ್ರ ಹಾಕಿಸ್ದೆ."

ಆ ಪುಣ್ಯಾತ್ಮ ತವರಕ್ಕೆ ಸೀಸ ಬೆರೆಸಿ ಬಳಿದಿದ್ದ. ಬಿಸಿ ಕಾಚಂಪುಳಿ ಅದನ್ನು ಕರಗಿಸಿ ಲೇಹ್ಯಕ್ಕೆ ಇಳಿಸಿತ್ತು. ಹುಳಿಯಿಲ್ಲದ ಲೇಹ್ಯವಾಗಿದ್ದರೆ ಇಷ್ಟೊಂದು ಇಳಿಯುತ್ತಿರಲಿಲ್ಲ.

ಆಗ ಹೊಳೆಯಿತು ನನಗೆ. "ದೊಡ್ಡಮ್ಮ, ಸೀ ಅಂತ ಎಷ್ಟು ಸಲ ತಿಂದು ನೋಡ್ದೆ?"

"ದಿನಾ ಒಂದೊಂದು ಚಮಚ."

"ಎಂಟು ದಿನಾನೂ? ತಲೆಗಿಲೆ ಕೆಟ್ಟಿದ್ಯಾ ನಿಂಗೆ!"

"ಕೂಗ್ಬ್ಯಾಡ. ನಿನ್ ಮಿಷನ್ನು ಚೆನ್ನಾಗದೆ ಅಂತು, ನಾಲಿಗೆ ಬ್ಯಾಡ ಅಂತು. ನಾಲಿಗೆ ಒಂದಿನ ಸುಳ್ಳು ಹೇಳ್ಬೋದು, ಎಂಟು ದಿನ ಹೇಳ್ತದಾ? ನಾನಲ್ದೆ ಆ ಹಸೀ ಬಾಣಂತಿ ತಿಂದು ನೋಡ್ಬೇಕಿತ್ತಾ?"

ನನಗೆ ಅಳು ಬಂತು. ಸಿಟ್ಟೂ ಬಂತು, ಹೆಚ್ಚಾಗಿ ನನ್ನ ಮೇಲೇ.

ಮಾರನೆಯ ದಿನ ಅವರನ್ನೂ ತಂಗಿಯನ್ನೂ ಆಸ್ಪತ್ರೆಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿದೆ. ವರದಿ ಬಂದಾಗ ತಂಗಿಯದು ಸರಿಯಿತ್ತು. ದೊಡ್ಡಮ್ಮನ ರಕ್ತದಲ್ಲಿ ಸೀಸ ಸೇರಿತ್ತು. ಡಾಕ್ಟರು ಅವರಿಗೆ ಔಷಧಿ, ಪಥ್ಯ ಎಲ್ಲ ವಿವರಿಸುತ್ತಿದ್ದರು. ದೊಡ್ಡಮ್ಮ ಅರ್ಧದಲ್ಲೇ ನನ್ನ ಕಡೆ ತಿರುಗಿದರು.

"ಅವೆಲ್ಲ ಇರ್ಲಿ. ಮಗು ಹಾಲು ಕುಡೀಬೋದಾ?"

"ಕುಡೀಬೋದು ದೊಡ್ಡಮ್ಮ."

"ಹಂಗಾರೆ ನಡಿ, ಬಸ್ಸಿಗೆ ಹೊತ್ತಾಯ್ತು," ಎಂದು ಎದ್ದರು.