ನವನೀತಾ ಅಳಿಸದ ಮೋಡ

ನವನೀತಾ ಮಕ್ತಲ್ ಶಾಲೆಯಲ್ಲಿ ನನ್ನ ಕೈಕೆಳಗೆ ಕಲಿತವಳು. ಆಗಲೂ ಮೊಂಡಿ, ಈಗಲೂ ಮೊಂಡಿ. ಅದಕ್ಕೇ ಅವಳೆಂದರೆ ನನಗೆ ಪ್ರಾಣ. ಈಗ ನಾರಾಯಣಪೇಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಮಧ್ಯಾಹ್ನ ತಾಯಿ ಸುಗುಣಮ್ಮನ ಮಗ್ಗದ ಪಕ್ಕ ಲ್ಯಾಪ್‌ಟಾಪ್ ತೆರೆದು, ನಮ್ಮ ಆಕಾಶಗಂಗೆಯ ನಡುಭಾಗದ ಅನಿಲ ಮೋಡಗಳ ನಕ್ಷೆ ಬರೆಯುತ್ತಾಳೆ. ಅಲ್ಲಿ ಧೂಳು ದಟ್ಟ, ಕಣ್ಣಿಗೆ ಏನೂ ಕಾಣದು. ಮೋಡದ ಅಣುಗಳಿಂದ ಬರುವ ರೇಡಿಯೋ ಅಲೆಗಳನ್ನು ದೂರದರ್ಶಕ ಸಾಲುಸಾಲಾಗಿ ಹಿಡಿಯುತ್ತದೆ. ಆ ಸಾಲುಗಳನ್ನು ಜೋಡಿಸಿ ಮೋಡಗಳನ್ನು ಗುರುತಿಸುವುದು ಇವಳ ಕೆಲಸ. ಆರು ಮಂದಿಯ ತಂಡ. ಹಿರಿಯರು ಹೈದರಾಬಾದಿನ ಮಹಾಂತಯ್ಯ.

ಮೊದಲ ವರ್ಷ ತಪ್ಪು ಮಾಡಿದಳು, ಮುಚ್ಚಿಡುವುದಿಲ್ಲ. ನಾಲ್ಕು ಸಾಲುಗಳ ಮಾಹಿತಿಯೇ ಇರಲಿಲ್ಲ. ನೇಕಾರರ ಮನೆಯಲ್ಲಿ ಎಳೆ ಹರಿದರೆ ಯಾರನ್ನೂ ಕೇಳುವುದಿಲ್ಲ, ಪಕ್ಕದ ಎಳೆ ನೋಡಿ ಗಂಟು ಹಾಕಿ ಮುಂದೆ ಹೋಗುತ್ತಾರೆ. ಇವಳೂ ಅಕ್ಕಪಕ್ಕದ ಅಂಕಿ ನೋಡಿ ಖಾಲಿ ಜಾಗ ತುಂಬಿಬಿಟ್ಟಳು. ಸಿಕ್ಕಿಬಿದ್ದಾಗ ತಪ್ಪು ಒಪ್ಪಿ, ತುಂಬಿದ್ದೆಲ್ಲವನ್ನೂ ಬಿಚ್ಚಿ ತೆಗೆದಳು.

ಈ ವರ್ಷ ಅವಳಿಗೆ ಸಣ್ಣಗೆ ಬಾಗಿದ ಮೋಡವೊಂದು ಸಿಕ್ಕಿತು. ವಿಡಿಯೋ ಸಭೆಯಲ್ಲಿ ಮಹಾಂತಯ್ಯ ಅದನ್ನು ನೋಡಿ ಮುಖ ಸಿಂಡರಿಸಿದರು.

"ಇದು ಮೋಡವಲ್ಲ, ಯಂತ್ರದ ದೋಷದಿಂದ ಬಿದ್ದ ಗೆರೆ. ಇಲ್ಲಾ ಮತ್ತೆ ನಿನ್ನ ಕಳ್ಳತನ. ಅಳಿಸು, ಇಲ್ಲದಿದ್ದರೆ ತಂಡದ ಸಂಶೋಧನಾ ಲೇಖನದಲ್ಲಿ ನಿನ್ನ ಹೆಸರು ಇರೋದಿಲ್ಲ."

ಉಳಿದವರು ನಕ್ಕರು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು! ಇವತ್ತಿಗೂ ನೆನೆದರೆ ನನ್ನ ಮೈ ಉರಿಯುತ್ತದೆ. ಮೂರು ವರ್ಷದ ದುಡಿತಕ್ಕೆ ಅವಳಿಗೆ ಸಿಗಬೇಕಾಗಿದ್ದದ್ದು ಆ ಒಂದು ಹೆಸರು ಮಾತ್ರ.

ಸುಗುಣಮ್ಮ ಮಗ್ಗ ನಿಲ್ಲಿಸಿ ಎದ್ದು ಬಂದು ಪರದೆ ನೋಡಿದಳು. "ಮಗ್ಗದಾಗ ಎಳಿ ಹಾಯೋ ಹಣಿಗಿ ಹಲ್ಲು ಕೆಟ್ಟರ ಗೆರಿ ಸೀರಿ ಉದ್ದಕ್ಕೂ ನೆಟ್ಟಗ ಬರ್ತೈತಿ. ಇದು ನಡುವ ಹುಟ್ಟಿ, ಬಾಗಿ, ನಡುವನ ಮುಗದೈತಿ. ಇದು ಮಗ್ಗದ ತಪ್ಪಲ್ಲವ್ವ."

ನವನೀತಾಳ ಬೆನ್ನು ನೆಟ್ಟಗಾಯಿತು. "ಸರ್, ಇದ ಜಾಗಾನ ದೂರದರ್ಶಕ ಅಡ್ಡಡ್ಡನೂ ನೋಡೈತಿ. ಆ ಸಾಲು ಇನ್ನೂ ಯಾರೂ ಬಿಚ್ಚಿ ನೋಡಿಲ್ಲ. ಯಂತ್ರದ ಗೆರಿ ಆದರ ಅದರಾಗ ಇರಂಗಿಲ್ಲ, ಮೋಡ ಆದರ ಇರ್ತೈತಿ. ನೋಡ್ರಿ."

"ಅದಕ್ಕೆಲ್ಲ ಟೈಮಿಲ್ಲ. ಮೋಡವೋ, ಹೆಸರೋ?"

"ಹೆಸರು ತೆಗೀರಿ. ಇಲ್ಲದ್ದನ್ನ ತುಂಬಿದ್ದೆ, ಅದು ತಪ್ಪು. ಈಗ ಇರೋದನ್ನ ಅಳಸಿದರ ಅದೂ ತಪ್ಪ. ನನ್ನ ಕೈಲೆ ಅಳಸಂಗಿಲ್ರಿ."

ಹೆಸರು ತೆಗೆದೇಬಿಟ್ಟರು. ಅವಳು ಎರಡು ದಿನ ಸರಿಯಾಗಿ ಉಣ್ಣಲಿಲ್ಲ, ಅತ್ತಳು ಕೂಡ. ಆದರೆ ಮೋಡವನ್ನು ಮುಟ್ಟಲಿಲ್ಲ. ಸಭೆಯಲ್ಲಿ ನಕ್ಕವರಲ್ಲೊಬ್ಬಳಾದ ಅಖಿಲಾಗೆ ಮನಸ್ಸು ಚುಚ್ಚಿರಬೇಕು, ತಾನೇ ಕೂತು ಆ ಅಡ್ಡ ಸಾಲುಗಳನ್ನು ಜೋಡಿಸಿದಳು. ಮೋಡ ಅಲ್ಲೇ ಇತ್ತು, ಅದೇ ಬಾಗು, ಅದೇ ಉದ್ದ.

ಮಹಾಂತಯ್ಯ ತಾವೇ ಫೋನ್ ಮಾಡಿದರು. ಹೆಸರು ಮತ್ತೆ ಸೇರಿಸಿದ್ದೇನೆ, ಅಂದದ್ದನ್ನು ಮರೆತುಬಿಡು, ತಪ್ಪಾಯಿತು ಎಂದರು. ನಾನಾಗಿದ್ದರೆ ಅಷ್ಟಕ್ಕೇ ಕರಗುತ್ತಿದ್ದೆ. ಇವಳು ಕರಗಲಿಲ್ಲ.

"ಕಳ್ಳತನ ಅಂದದ್ದು ಎಲ್ಲರ ಮುಂದ ಸರ್. ತಪ್ಪಾತು ಅನ್ನೋದೂ ಎಲ್ಲರ ಮುಂದ ಅನ್ರಿ."

ಮಂಗಳವಾರದ ಸಭೆಯಲ್ಲಿ ಅವರು ಅಂದರು, ತಲೆ ತಗ್ಗಿಸಿ, ಗಡಿಬಿಡಿಯಲ್ಲಿ. ನವನೀತಾ ಕೊನೆಯವರೆಗೂ ಕೇಳಿ ಹೇಳಿದಳು: "ಸರಿಯಾಗಿ ಕೇಳಸಲಿಲ್ಲ ಸರ್. ಇನ್ನೊಮ್ಮೆ ಹೇಳ್ರಿ."