ಮೂರನೇ ಗೀಟಿನ ನೀರು

೨೦೧೩ರಲ್ಲಿ ನಾನು ಯಲಹಂಕದ ಕಾಲೇಜೊಂದರಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕ. ಪಾಠದ ಜೊತೆಗೆ, ತಿಂಗಳಿಗೊಮ್ಮೆ ಸಾರ್ವಜನಿಕರಿಗಾಗಿ ವಿಜ್ಞಾನ ಉಪನ್ಯಾಸ ಏರ್ಪಡಿಸುವ ಹೊಣೆಯೂ ನನ್ನದೇ. ಭಾಷಣಕಾರರು ಸಿಗದಿದ್ದರೆ ನಾನೇ ಮೈಕ್ ಹಿಡಿಯುತ್ತಿದ್ದೆ. ನಿಜ ಹೇಳಬೇಕೆಂದರೆ, ಅವರು ಸಿಕ್ಕಾಗ ನನಗೆ ಸ್ವಲ್ಪ ಬೇಜಾರೇ ಆಗುತ್ತಿತ್ತು.

ಆ ಬೇಸಿಗೆಯಲ್ಲಿ ಚಿಕ್ಕಜಾಲದ ಕಡೆಯ ಹಳೆಯ ಕೆರೆಯೊಂದರಲ್ಲಿ ಹೂಳೆತ್ತುವ ಕೆಲಸ ಶುರುವಾಗಿತ್ತು. ಒಣಗಿದ ಅಂಗಳದಲ್ಲಿ, ಏರಿಯ ಪಕ್ಕಕ್ಕೆ, ಎರಡು ಕಲ್ಲುಕಂಬ ನಿಂತಿದ್ದವು. ಯಾವುದೋ ಬಿದ್ದುಹೋದ ಮಂಟಪದ್ದಿರಬೇಕು, ಜೆಸಿಬಿ ಓಡಾಟಕ್ಕೆ ಅಡ್ಡಿ, ಸೋಮವಾರ ಕಿತ್ತುಬಿಡೋಣ ಎಂದು ತೀರ್ಮಾನವಾಗಿತ್ತು. ಅವನ್ನು ಉಳಿಸಲೇಬೇಕೆಂಬ ಹಟದಿಂದ ನಾನು ಹಿಂದಿನ ಶನಿವಾರ ಸಂಜೆ ಊರಿನ ಶಾಲೆಯಲ್ಲೇ ಉಪನ್ಯಾಸ ಇಟ್ಟೆ. ಉಸ್ತುವಾರಿಯ ಇಂಜಿನಿಯರರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದೆ.

ನಲವತ್ತು ನಿಮಿಷ ಕೊರೆದೆ. ನಮ್ಮ ಕಾಲಡಿಯ ಬಂಡೆಗೆ ಮುನ್ನೂರು ಕೋಟಿ ವರ್ಷ ವಯಸ್ಸು, ಇಂಥ ಕಲ್ಲು ಬೆಂಗಳೂರಿನ ತುಂಬ ಹರಡಿದೆ ಎಂದೆಲ್ಲ ವಿವರಿಸಿದೆ. ಕಂಬದ ಮೇಲಿನ ಅಡ್ಡಗೆರೆಗಳನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿ, ಕಲ್ಲು ಸೀಳುವಾಗ ಬಿದ್ದ ಉಳಿಯ ಗುರುತು ಎಂದೆ.

ಇಂಜಿನಿಯರ್ ಎದ್ದರು. “ಸಾರ್, ಇಂಥ ಕಲ್ಲು ಎಲ್ಲಾ ಕಡೆ ಇದೆ ಅಂತ ನೀವೇ ಹೇಳಿದ್ರಿ. ಮತ್ತೆ ಇವೆರಡನ್ನೇ ಯಾಕ್ರೀ ಉಳಿಸ್ಬೇಕು?”

ನನ್ನ ಭಾಷಣವೇ ಕಂಬಗಳಿಗೆ ಮುಳುವಾಗಿತ್ತು.

ಆಗ ಹಿಂದಿನ ಬೆಂಚಿನಿಂದ ಮುನಿಯಪ್ಪನವರು ಕೈಯೆತ್ತಿದರು. ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿಗಳ ಮನೆತನದವರು. ವಯಸ್ಸು ಎಪ್ಪತ್ತು ದಾಟಿತ್ತು.

“ಸ್ವಾಮಿ, ಅದು ಉಳಿ ಗುರ್ತಲ್ಲ. ನಮ್ಮಪ್ಪ ನೀರು ಅಳೀತಿದ್ದ ಗೀಟು. ಮಂಟಪಾನೂ ಅಲ್ಲ, ತೂಬು ಅದು. ಮೂರ್ನೇ ಗೀಟಿಗೆ ನೀರಿಳಿದ್ರೆ ತೂಬು ಮುಚ್ಬುಡೋದು. ಆಮೇಲೆ ಯಾರ್ ಬಂದು ಕೇಳಿದ್ರೂ ಗದ್ದೆಗೆ ಬಿಡ್ತಿರ್ಲಿಲ್ಲ. ಉಳಿದ ನೀರು ದನಕರಕ್ಕೆ. ಕಂಬದ ಮಧ್ಯ ಅಗೀರಿ, ಕೆಳಗೆ ತೂತಿರೋ ಚಪ್ಪಡಿ ಐತೆ, ಅದ್ರಲ್ಲೇ ನೀರು ಕಾಲ್ವೆಗೆ ಹೋಗ್ತಿತ್ತು.”

ಸಭೆಯಲ್ಲಿ ನಗು ಎದ್ದಿತು. ಅದು ನನ್ನ ಮೇಲೆ ಎಂದು ಬೇರೆ ಹೇಳಬೇಕಿಲ್ಲ. ನಾಚಿಕೆಯಾಯಿತು, ಆದರೆ ಅದಕ್ಕಿಂತ ಹೆಚ್ಚು ಖುಷಿಯಾಯಿತು.

“ತೂತು ಸಿಕ್ರೆ ಕಂಬ ಮುಟ್ಟಲ್ಲ” ಎಂದರು ಇಂಜಿನಿಯರ್.

ಭಾನುವಾರ ಬೆಳಿಗ್ಗೆ ಅರ್ಧ ಊರೇ ಕೆರೆಯಂಗಳದಲ್ಲಿತ್ತು. ಮೂರಡಿ ಅಗೆದರೂ ಬರೀ ಹೂಳು. ಮುನಿಯಪ್ಪನವರು ಮಾತ್ರ ಬೀಡಿ ಹಚ್ಚಿಕೊಂಡು, “ಇನ್ನೊಂದಡಿ” ಎಂದರು. ನಾಲ್ಕನೇ ಅಡಿಗೆ ಗುದ್ದಲಿ ಠಣ್ ಎಂದಿತು. ಚಪ್ಪಡಿ! ನಟ್ಟ ನಡುವೆ ದುಂಡನೆಯ ತೂತು. ಒಳಗೆ ಕೈ ಹಾಕಿದ ಇಂಜಿನಿಯರ್, “ಕಾಲುವೆ ಇನ್ನೂ ಗಟ್ಟಿ ಇದೆ ಕಣ್ರೀ!” ಎಂದು ಕೂಗಿದರು. ಜನ ಶಿಳ್ಳೆ ಹೊಡೆದರು. ನಾನೂ ಹೊಡೆದೆ, ಪ್ರಾಧ್ಯಾಪಕ ಎಂಬುದನ್ನು ಮರೆತು.

ಸೋಮವಾರ ಜೆಸಿಬಿ ಕಂಬಗಳನ್ನು ಮುಟ್ಟದೆ ಸುತ್ತು ಬಳಸಿ ಹೋಯಿತು.

ಕಲ್ಲನ್ನು ಓದಲು ಬರುತ್ತದೆಂದು ನಾನು ಬೀಗುತ್ತಿದ್ದೆ. ಆ ಕಲ್ಲಿನ ಜೊತೆ ಕೆಲಸ ಮಾಡಿದವರನ್ನು ಮೊದಲು ಕೇಳಬೇಕೆಂಬುದು ಆ ಶನಿವಾರ ತಿಳಿಯಿತು. ಮುಂದಿನ ತಿಂಗಳ ಉಪನ್ಯಾಸ ಕೆರೆ ಏರಿಯ ಮೇಲೆ ನಡೆಯಿತು. ಭಾಷಣಕಾರರು ಮುನಿಯಪ್ಪನವರು. ಒಂದೂವರೆ ಗಂಟೆ ಮಾತಾಡಿದರು. ಅಷ್ಟು ಹೊತ್ತೂ ನಾನು ಮುಂದಿನ ಸಾಲಿನಲ್ಲಿ ಕುಳಿತು ನೋಟ್ಸ್ ಬರೆದುಕೊಂಡೆ.